ನಡುವೆ ಬಿಟ್ಟ ಖಾಲಿ ಜಾಗ

ಈ ಅಂಕಣಕ್ಕೆ ವಿಷಯ ಆರಿಸುವಾಗ ಸಂಪಾದಕ ಮಂಡಳಿಯಲ್ಲಿ ಹೆಚ್ಚು ಚರ್ಚೆ ಆಗುವುದಿಲ್ಲ. ಒಂದು ವರ್ಷ ಖರ್ಜೂರದ ತೋಟಗಳ ಬಗ್ಗೆ ಬರೆದೆವು, ಇನ್ನೊಂದು ವರ್ಷ ಹಿಂದಿನ ಕಾಲದ ಮುತ್ತು ಹೆಕ್ಕುವವರ ಬಗ್ಗೆ. ಓದಿದವರು ಚೆನ್ನಾಗಿದೆ ಎಂದರು, ಅಲ್ಲಿಗೆ ಮುಗಿಯಿತು. ಈ ಸಲ ಮಾತ್ರ ಎರಡು ಸಭೆ ಬೇಕಾಯಿತು. "ರಾಜಕೀಯ ಬೇಡ, ಧರ್ಮ ಬೇಡ ಅಂತ ಸಂಘದ ನಿಯಮಾವಳಿಯಲ್ಲೇ ಇದೆಯಲ್ಲ" ಎಂದು ಹಿರಿಯರೊಬ್ಬರು ನೆನಪಿಸಿದರು. ಅವರು ಹೇಳಿದ್ದು ಸರಿಯೇ. ಇನ್ನೊಬ್ಬರ ನೆಲದಲ್ಲಿ ಅನ್ನ ಉಣ್ಣುವವರು ನಾವು, ನಾಲಿಗೆ ಹಿಡಿತದಲ್ಲಿ ಇರಬೇಕು. ಆದರೆ ಆ ವಿಷಯ ತಾನಾಗಿಯೇ ನಮ್ಮ ಮನೆಯೊಳಗೆ ಬಂದು ಕೂತಿತ್ತು. ನಾವು ಕಾಫಿ ಕೊಟ್ಟು ಅದನ್ನು ಸುಮ್ಮನಾಗಿಸಿದೆವು. ಆ ಮುಜುಗರ ಇನ್ನೂ ಹೋಗಿಲ್ಲ, ಅದಕ್ಕೇ ಬರೆಯುತ್ತಿದ್ದೇವೆ.

ನಡೆದದ್ದು ಇಷ್ಟು. 2023ರ ಅಕ್ಟೋಬರ್ ಕೊನೆಯ ವಾರ. ರಾಜ್ಯೋತ್ಸವದ ತಯಾರಿಗೆಂದು ಸದಸ್ಯರೊಬ್ಬರ ಫ್ಲಾಟಿನಲ್ಲಿ ಸೇರಿದ್ದೆವು. ಕಾರ್ಕಳದ ಕಡೆಯ ಒಬ್ಬ ಅಕ್ಕ ಬಂದಿದ್ದರು. ಅವರ ತಂಗಿ ಇಸ್ರೇಲಿನ ಅಶ್ಕೆಲೋನ್ ಪಟ್ಟಣದಲ್ಲಿ ಹೋಂ ನರ್ಸ್; ನಡೆಯಲಾಗದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿ. ಆ ಹೊತ್ತಿಗೆ ಇಸ್ರೇಲಿನಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಹೆಚ್ಚಿನವರು ಇದೇ ಕೆಲಸದವರು. ಕೇರಳದವರ ಜತೆಗೆ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಬಹಳ ಮಂದಿ ಅಲ್ಲಿದ್ದಾರೆ. ಅಕ್ಟೋಬರ್ 7ರ ಬೆಳಿಗ್ಗೆ ಸೈರನ್ ಕೂಗಿದಾಗ ಈ ತಂಗಿ ಅಜ್ಜಿಯ ಗಾಲಿಕುರ್ಚಿಯನ್ನು ಎಳೆದುಕೊಂಡು ರಕ್ಷಣಾ ಕೋಣೆ ಸೇರಿ ಬಾಗಿಲು ಹಾಕಿದಳು. ಕತ್ತಲಲ್ಲಿ ಅಜ್ಜಿ ಹೀಬ್ರೂ ಬಿಟ್ಟು ಬೇರೆ ಯಾವುದೋ ಭಾಷೆಯಲ್ಲಿ ಮಗುವಿನ ಹಾಗೆ ಅಳತೊಡಗಿದರಂತೆ. ಯುರೋಪಿನಲ್ಲಿ ಚಿಕ್ಕಂದಿನಲ್ಲಿ ಆಡುತ್ತಿದ್ದ ಭಾಷೆ ಅದು ಎಂದು ಆಮೇಲೆ ಅಜ್ಜಿಯ ಮಗ ಹೇಳಿದ. ಎಂಬತ್ತು ವರ್ಷ ಹಿಂದಿನ ಒಂದು ಕತ್ತಲ ಕೋಣೆಗೆ ಆ ಜೀವ ಮತ್ತೆ ಹೋಗಿಬಿಟ್ಟಿತ್ತು.

ಅದೇ ಸೋಫಾದ ಇನ್ನೊಂದು ತುದಿಯಲ್ಲಿ ದಾವಣಗೆರೆಯ ಒಬ್ಬ ಸಿವಿಲ್ ಎಂಜಿನಿಯರ್ ಕೂತಿದ್ದರು. ಅವರ ಸೈಟ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪಕ್ಕದ ಮೇಜಿನಲ್ಲಿ ಕೂರುವವನು ಖಾನ್ ಯೂನಿಸ್ ಮೂಲದ ಪ್ಯಾಲೆಸ್ಟೀನಿ. ಗಾಜಾದಲ್ಲಿ ಅವನ ತಾಯಿ, ಇಬ್ಬರು ಅಕ್ಕಂದಿರು. ದಿನವಿಡೀ ಅವನು ಫೋನನ್ನು ಡ್ರಾಯಿಂಗ್‌ಗಳ ಮೇಲೆ ಇಟ್ಟುಕೊಂಡು ಒಂದೇ ಒಂದನ್ನು ನೋಡುತ್ತಾನೆ: ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಕಳಿಸಿದ ಸಂದೇಶದ ಒಂದು ಟಿಕ್ ಎರಡು ಆಯಿತೇ ಎಂದು. ಎರಡಾದರೆ ಅಲ್ಲಿ ಯಾರೋ ಬದುಕಿ ಫೋನ್ ಚಾರ್ಜ್ ಮಾಡಿದ್ದಾರೆ. ಒಂದೇ ಇದ್ದರೆ ಏನೆಂದುಕೊಳ್ಳಬೇಕೋ ಗೊತ್ತಾಗದು.

ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೂ ಹತ್ತು ನಿಮಿಷದಲ್ಲಿ ಧ್ವನಿ ಏರಿತು. "ಮೊದಲು ನುಗ್ಗಿ ಕೊಂದದ್ದು ಯಾರು ಮಾರಾಯ್ರೇ? ಅದನ್ನು ಹೇಳಿ ಮೊದಲು" ಎಂದರು ಅಕ್ಕ. "ನಿಮ್ಮ ಲೆಕ್ಕ ಏಳನೇ ತಾರೀಕಿಂದ ಶುರು ಆಗುತ್ತೆ ಅಕ್ಕಾ, ಅವನದು 1948ರಿಂದ" ಎಂದರು ಎಂಜಿನಿಯರ್. ಅಕ್ಕನ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷರು "ಆಯ್ತು ಆಯ್ತು, ಈ ವಿಷಯ ಇಲ್ಲಿಗೆ ಬಿಡಿ" ಎಂದರು. ಗೋಳಿಬಜೆ ಬಂತು, ಕಾಫಿ ಬಂತು. ಅದೇ ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಮಾಡಲಾಯಿತು. ಅಲ್ಲಿಂದ ಮುಂದೆ ಅವರಿಬ್ಬರು ಒಂದು ಸಾಲಿನಲ್ಲಿ ಕೂತದ್ದನ್ನು ನಾವು ನೋಡಲಿಲ್ಲ.

ನಮ್ಮ ಸೋಫಾದ ಮೇಲೆಯೇ ಹೀಗಾದರೆ, ಮಕ್ಕಳನ್ನು ಕಳೆದುಕೊಂಡವರು ಎದುರುಬದುರು ಕೂತು ಮಾತಾಡಲು ಸಾಧ್ಯವೇ? ಈ ಪ್ರಶ್ನೆ ಹಿಡಿದುಕೊಂಡು ಒಂದಷ್ಟು ಓದಿದೆವು. ಹಾಗೆ ಕೂತವರು ಇದ್ದಾರೆ. ಒಂದಿಬ್ಬರಲ್ಲ, ನೂರಾರು ಕುಟುಂಬಗಳು.

ಮೊದಲು ಒಂದು ಪುಸ್ತಕದ ಕಥೆ. ಡಾನ್ ಬಾರ್-ಆನ್ ಎಂಬ ಇಸ್ರೇಲಿ ಮನಶ್ಶಾಸ್ತ್ರಜ್ಞ ಇದ್ದರು, ಬೆನ್ ಗುರಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರ ತಂದೆತಾಯಿ 1933ರಲ್ಲಿ ಜರ್ಮನಿ ಬಿಟ್ಟು ಹೈಫಾ ಸೇರಿದವರು. 1980ರ ದಶಕದಲ್ಲಿ ಬಾರ್-ಆನ್ ಜರ್ಮನಿಗೆ ಹೋಗಿ, ಯಹೂದಿಗಳ ಹತ್ಯಾಕಾಂಡದಲ್ಲಿ ಕೈ ಇದ್ದ ನಾಜಿಗಳ ಮಕ್ಕಳನ್ನು ಹುಡುಕಿ ಮಾತಾಡಿಸಿದರು. ಯಾಕೆ ಹೋಗಬೇಕಿತ್ತು ಎಂದು ಬೈದವರು ಇದ್ದಿರಬೇಕು. ಅವರಿಗೆ ಅಲ್ಲಿ ಸಿಕ್ಕಿದ್ದು ಮೌನ. ತಾನು ಮಾಡಿದ್ದನ್ನು ಅಪ್ಪ ಮಕ್ಕಳಿಗೆ ಹೇಳಿರಲಿಲ್ಲ. ಇತ್ತ ಹತ್ಯಾಕಾಂಡದಿಂದ ಬದುಕಿ ಬಂದವರ ಮನೆಗಳಲ್ಲೂ ಮೌನವೇ, ಅನುಭವಿಸಿದ್ದನ್ನು ಅಪ್ಪ ಹೇಳಿರಲಿಲ್ಲ. ಹಿರಿಯರು ತಮ್ಮ ಸುತ್ತ ಒಂದು ಗೋಡೆ ಕಟ್ಟುತ್ತಾರೆ, ಮಕ್ಕಳು ಇತ್ತ ಕಡೆಯಿಂದ ಇನ್ನೊಂದು ಕಟ್ಟುತ್ತಾರೆ. ಯಾರಾದರೂ ಒಬ್ಬರು ಕಿಟಕಿ ತೆರೆದರೆ ಎದುರಿಗೆ ಕಾಣುವುದು ಇನ್ನೊಬ್ಬರ ಗೋಡೆ ಎಂದು ಬಾರ್-ಆನ್ ವಿವರಿಸಿದರು. 1992ರಲ್ಲಿ ಅವರು ಈ ಎರಡೂ ಬಗೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ತೀರ್ಪು ಕೊಡುವವರು ಯಾರೂ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಕಥೆ ಹೇಳುವುದು, ಉಳಿದವರು ಕೇಳುವುದು.

ಆಮೇಲೆ ಅವರಿಗೆ ತಮ್ಮದೇ ನೆಲದ ಜಗಳ ಎದುರಾಯಿತು. ಬೆತ್ಲೆಹೆಮ್ ವಿಶ್ವವಿದ್ಯಾಲಯದ ಸಾಮಿ ಅದ್ವಾನ್ ಎಂಬ ಪ್ಯಾಲೆಸ್ಟೀನಿ ಶಿಕ್ಷಣತಜ್ಞರ ಜತೆ ಸೇರಿ 1998ರಲ್ಲಿ ಬೈತ್ ಜಾಲಾದಲ್ಲಿ ಒಂದು ಸಂಶೋಧನಾ ಸಂಸ್ಥೆ ಶುರು ಮಾಡಿದರು. ಎರಡೂ ಕಡೆಯ ಇತಿಹಾಸದ ಮೇಷ್ಟ್ರುಗಳನ್ನು ಕರೆದು ಒಂದು ಪಠ್ಯಪುಸ್ತಕ ಬರೆಯಿಸುವುದು ಉದ್ದೇಶ. ಎರಡನೇ ಇಂತಿಫಾದಾದ ದಿನಗಳು ಅವು. ಊರಿಂದೂರಿಗೆ ಹೋಗುವುದೇ ದುಸ್ತರ, ಬೀದಿಯಲ್ಲಿ ಬಾಂಬು, ಗುಂಡು, ಕರ್ಫ್ಯೂ. ಮೇಷ್ಟ್ರುಗಳು ಹೇಗೋ ಸೇರುತ್ತಿದ್ದರು. ಎಲ್ಲರೂ ಒಪ್ಪುವ ಒಂದೇ ಇತಿಹಾಸ ಬರೆಯಲಾಗದು ಎಂಬುದು ಬೇಗ ಗೊತ್ತಾಯಿತು. ಇವರು ಸ್ವಾತಂತ್ರ್ಯ ಸಮರ ಎನ್ನುವ 1948 ಅವರಿಗೆ ನಕ್ಬಾ, ಅಂದರೆ ಮಹಾ ವಿಪತ್ತು; ಸುಮಾರು ಏಳು ಲಕ್ಷ ಜನ ಮನೆ ಕಳೆದುಕೊಂಡ ವರ್ಷ. ಬೀಗ ಹಾಕಿ ಬಂದ ಮನೆಯ ಕೀಲಿಯನ್ನು ಇನ್ನೂ ಜೋಪಾನ ಮಾಡಿಟ್ಟವರು ಇದ್ದಾರೆ. ಇಬ್ಬರ ಮಾತನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ಯಾರದೂ ಅಲ್ಲದ ಕಥೆ.

ಹಾಗಾಗಿ ಪುಟವನ್ನೇ ಮೂರು ಪಾಲು ಮಾಡಿದರು. ಒಂದು ಬದಿಗೆ ಇಸ್ರೇಲಿಗಳ ಕಥನ, ಇನ್ನೊಂದು ಬದಿಗೆ ಪ್ಯಾಲೆಸ್ಟೀನಿಗಳ ಕಥನ. ನಡುವಿನ ಜಾಗ ಖಾಲಿ, ಅಲ್ಲಿ ವಿದ್ಯಾರ್ಥಿ ಬರೆಯಬೇಕು. ಮಕ್ಕಳಲ್ಲಿ ಅನೇಕರು ಮೊದಲು ಮಾಡಿದ್ದು ಆಚೆ ಬದಿಯದ್ದು ಬರೀ ಪ್ರಚಾರ, ಸುಳ್ಳು ಎಂದು ತಳ್ಳಿಹಾಕಿದ್ದು. ಅದೂ ಸಹಜವೇ. ಆದರೆ ಸುಳ್ಳು ಎನ್ನಬೇಕಾದರೂ ಒಮ್ಮೆ ಓದಲೇಬೇಕಲ್ಲ!

ಸರಕಾರಗಳಿಗೆ ಇದು ಹಿಡಿಸಲಿಲ್ಲ. ಎರಡು ಕಡೆಯಲ್ಲೂ ಅದು ಅಧಿಕೃತ ಪಠ್ಯವಾಗಲಿಲ್ಲ. ಗಾಜಾ ಗಡಿಗೆ ಹತ್ತಿರದ ಶಾರ್ ಹನೆಗೆವ್ ಪ್ರದೇಶದ ಪ್ರೌಢಶಾಲೆಯೊಂದು 2010ರಲ್ಲಿ ಅದನ್ನು ತರಗತಿಯಲ್ಲಿ ಬಳಸಿದಾಗ, ನಿಲ್ಲಿಸಿ ಎಂದು ಇಸ್ರೇಲಿನ ಶಿಕ್ಷಣ ಇಲಾಖೆ ಹೇಳಿತು. ಅಕ್ಟೋಬರ್ 7ರಂದು ಹಮಾಸ್‌ನ ಬಂದೂಕುಧಾರಿಗಳು ನುಗ್ಗಿದ ಕ್ಫಾರ್ ಅಜಾ ಇರುವುದು ಅದೇ ಪ್ರದೇಶದಲ್ಲಿ. ಪುಸ್ತಕ ಓದಿದ್ದರೆ ಅದು ತಪ್ಪುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಅಷ್ಟು ಸರಳವಾಗಿದ್ದರೆ ಈ ಲೇಖನ ಬೇಕಿರಲಿಲ್ಲ.

ಇನ್ನು ಕುಟುಂಬಗಳ ಮಾತು. ಇತ್ಸ್‌ಹಾಕ್ ಫ್ರಾಂಕೆಂತಾಲ್ ಎಂಬವರ ಮಗ ಆರಿಕ್‌ನನ್ನು 1994ರಲ್ಲಿ ಹಮಾಸ್ ಅಪಹರಿಸಿ ಕೊಂದಿತು. ಮರುವರ್ಷ ಅವರು ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಒಂದು ಬಳಗ ಕಟ್ಟಿದರು. 'ಪೇರೆಂಟ್ಸ್ ಸರ್ಕಲ್' ಎಂದು ಅದರ ಹೆಸರು. ಇಂದು ಎರಡೂ ಕಡೆಯ ಆರುನೂರಕ್ಕೂ ಹೆಚ್ಚು ಕುಟುಂಬಗಳು ಅದರಲ್ಲಿವೆ. 1997ರ ಸೆಪ್ಟೆಂಬರ್ 4ರಂದು ಜೆರುಸಲೇಮಿನ ಬೆನ್ ಯೆಹುದಾ ಬೀದಿಯಲ್ಲಿ ಆತ್ಮಾಹುತಿ ಬಾಂಬಿಗೆ ಬಲಿಯಾದ ಹದಿಮೂರು ವರ್ಷದ ಸ್ಮದಾರ್ ಎಂಬ ಹುಡುಗಿಯ ತಂದೆ ರಾಮಿ ಎಲ್ಹನಾನ್. ಸೂತಕದ ಮನೆಗೆ ಫ್ರಾಂಕೆಂತಾಲ್ ಬಂದದ್ದಕ್ಕೆ ರಾಮಿಗೆ ಸಿಟ್ಟೇ ಬಂದಿತ್ತು. ವರ್ಷ ಕಳೆದ ಮೇಲೆ, ಹೋಗಿ ನೋಡೋಣ ಎಂದು ಒಂದು ಸಭೆಗೆ ಹೋದರು. ಬಸ್ಸಿನಿಂದ ಕಪ್ಪು ಉಡುಪಿನ ಒಬ್ಬ ಪ್ಯಾಲೆಸ್ಟೀನಿ ಹೆಂಗಸು ಇಳಿದಳು, ಎದೆಗೆ ಒತ್ತಿ ಹಿಡಿದಿದ್ದ ಮಗುವಿನ ಫೋಟೋ. ಆಗ ರಾಮಿಗೆ ನಲವತ್ತೇಳು ವರ್ಷ. ಜೀವನವಿಡೀ ಜೆರುಸಲೇಮಿನಲ್ಲಿ ಇದ್ದೂ, ಪ್ಯಾಲೆಸ್ಟೀನಿಗಳನ್ನು ಮನುಷ್ಯರೆಂದು ಎದುರುಗೊಂಡದ್ದು ಅಂದೇ ಮೊದಲು ಎಂದು ಅವರು ನಾಚಿಕೆಯಿಂದಲೇ ಹೇಳಿಕೊಳ್ಳುತ್ತಾರೆ.

ಅವರ ಜತೆ ಊರೂರು ತಿರುಗಿ ಮಾತಾಡುವವರು ಬಸ್ಸಾಮ್ ಅರಾಮಿನ್. ಹದಿನೇಳನೇ ವಯಸ್ಸಿಗೆ ಇಸ್ರೇಲಿನ ಜೈಲು ಸೇರಿ ಏಳು ವರ್ಷ ಕಳೆದವರು. ಜೈಲಿನಲ್ಲಿ ಯಹೂದಿ ಹತ್ಯಾಕಾಂಡದ ಸಿನಿಮಾ ತೋರಿಸಿದಾಗ, ಯಹೂದಿಗಳು ಸಾಯುವುದನ್ನು ನೋಡಿ ಸಂತೋಷಪಡೋಣ ಎಂದು ಕೂತಿದ್ದರಂತೆ. ನೋಡುತ್ತ ನೋಡುತ್ತ ಅಳು ಬಂತು. ಮುಂದೆ ಎರಡೂ ಕಡೆಯ ಮಾಜಿ ಹೋರಾಟಗಾರರು ಮತ್ತು ಸೈನಿಕರು ಸೇರಿ 'ಕಂಬ್ಯಾಟಂಟ್ಸ್ ಫಾರ್ ಪೀಸ್' ಕಟ್ಟಿದಾಗ ಸ್ಥಾಪಕರಲ್ಲಿ ಬಸ್ಸಾಮ್ ಒಬ್ಬರು. ಅಷ್ಟಾದ ಮೇಲೆ, 2007ರ ಜನವರಿಯಲ್ಲಿ, ಅನಾತಾ ಊರಿನಲ್ಲಿ ಶಾಲೆಯ ಹೊರಗೆ ಅವರ ಹತ್ತು ವರ್ಷದ ಮಗಳು ಅಬೀರ್‌ಳ ತಲೆಗೆ ಇಸ್ರೇಲಿ ಗಡಿ ಪೊಲೀಸನ ರಬ್ಬರ್ ಗುಂಡು ಬಡಿಯಿತು. ಮಗು ಉಳಿಯಲಿಲ್ಲ. ಸಾವಿಗೆ ಸರಕಾರವೇ ಹೊಣೆ ಎಂದು 2010ರಲ್ಲಿ ಇಸ್ರೇಲಿನ ನ್ಯಾಯಾಲಯ ಹೇಳಿತು. ಗುಂಡು ಹಾರಿಸಿದವನಿಗೆ ಶಿಕ್ಷೆ ಆಗಲಿಲ್ಲ. ಬಸ್ಸಾಮ್ ಆಮೇಲೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ಗೆ ಹೋಗಿ ಯಹೂದಿ ಹತ್ಯಾಕಾಂಡದ ಕುರಿತೇ ಓದಿ ಬಂದರು. ಮಗಳನ್ನು ಕಳೆದುಕೊಂಡವನು, ಕೊಂದವರ ನೋವನ್ನು ಪರೀಕ್ಷೆಗೆ ಕೂತು ಓದುವುದೆಂದರೇನು ಎಂದು ನಾವು ಬಹಳ ಹೊತ್ತು ಯೋಚಿಸಿದ್ದುಂಟು.

ಈ ಕಥೆಗಳನ್ನು ಕೇಳಿ ಕಣ್ಣೊರೆಸಿಕೊಂಡು, ನೋಡಿ ಇಬ್ಬರ ನೋವೂ ಒಂದೇ ಎಂದುಬಿಡುವುದು ಸುಲಭ. ನಮ್ಮ ಸಭೆಯಲ್ಲೂ ಒಬ್ಬರು ಹಾಗೆಂದರು. ನಮಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ. ಮಗುವನ್ನು ಕಳೆದುಕೊಂಡ ಸಂಕಟ ಒಂದೇ ಇರಬಹುದು. ಅದನ್ನು ಹೊತ್ತು ಬದುಕುವ ನೆಲ ಒಂದೇ ಅಲ್ಲ. ರಾಮಿ ಸಭೆಗೆ ಕಾರು ಹತ್ತಿ ಹೋಗಬಹುದು. ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿ ತಂದೆ ಅದೇ ಸಭೆಗೆ ಬರಬೇಕಾದರೆ ಸೇನೆಯ ಪರವಾನಗಿ ಬೇಕು, ಚೆಕ್‌ಪೋಸ್ಟಿನಲ್ಲಿ ಕಾಯಬೇಕು. ಇಸ್ರೇಲಿನ ಹುತಾತ್ಮರ ದಿನದ ಮುನ್ನಾದಿನ ಈ ಎರಡು ಬಳಗಗಳು ಜಂಟಿ ಸ್ಮರಣೆ ನಡೆಸುತ್ತವೆ. 2019ರಲ್ಲಿ ಪ್ಯಾಲೆಸ್ಟೀನಿಗಳ ಪ್ರವೇಶವನ್ನು ಸರಕಾರ ತಡೆದಾಗ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಬಿಡಿ ಎಂದು ಹೇಳಬೇಕಾಯಿತು. ದುಃಖಪಡಲು ಸಹ ಪರ್ಮಿಟ್. ವೀಸಾ, ಇಕಾಮಾ ಎಂದು ಆಫೀಸು ಆಫೀಸು ಅಲೆದಿರುವ ನಮಗೆ ಇದರ ಒಂದಂಶವಾದರೂ ಅರ್ಥವಾದೀತು.

ಪ್ಯಾಲೆಸ್ಟೀನಿನ ಮನೋವೈದ್ಯೆ ಸಮಾಹ್ ಜಬ್ರ್ ಇನ್ನೊಂದು ಅಂಶವನ್ನು ಎತ್ತುತ್ತಾರೆ. ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟಿನಿಂದ ಆಗುವ ತೊಂದರೆಗೆ ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರಷ್ಟೆ. ಅದರ ಮೊದಲ ಅಕ್ಷರ 'ಪೋಸ್ಟ್', ಅಂದರೆ ಪೆಟ್ಟು ಬಿದ್ದು ಮುಗಿದ ಮೇಲಿನದು. ಯುದ್ಧದಿಂದ ಊರಿಗೆ ಮರಳಿದ ಸೈನಿಕನಿಗೆ ಆ ಮಾತು ಸರಿ, ಬಾಗಿಲು ಬಡಿದ ಸದ್ದಿಗೆ ಅವನು ಬೆಚ್ಚಿದರೆ ಅದು ಕಾಯಿಲೆ. ಮತ್ತೆ ಬಾಂಬು ಬೀಳುವುದು ಖಂಡಿತ ಎಂದು ಗೊತ್ತಿರುವ ಊರಿನ ಮಗು ಬೆಚ್ಚಿದರೆ ಅದಕ್ಕೇನು ಹೆಸರು? ಅಲ್ಲಿ 'ಆಮೇಲೆ' ಎಂಬುದೇ ಬಂದಿಲ್ಲ. ಅಶ್ಕೆಲೋನಿನ ಅಜ್ಜಿಗೆ ಎಂಬತ್ತು ವರ್ಷ ಹಿಂದಿನದು ಇನ್ನೂ ಮುಗಿದಿರಲಿಲ್ಲ, ಖಾನ್ ಯೂನಿಸಿನ ತಾಯಿಗೆ ಇವತ್ತಿನದೇ ಮುಗಿದಿಲ್ಲ. ಎರಡೂ ನಿಜ, ಆದರೆ ಎರಡಕ್ಕೂ ಒಂದೇ ಮದ್ದು ಇಲ್ಲ.

ಅಮೆರಿಕದ ಎಂಐಟಿಯ ಎಮಿಲ್ ಬ್ರೂನೋ ಮತ್ತು ರೆಬೆಕಾ ಸ್ಯಾಕ್ಸ್ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮಗೆ ಇಲ್ಲಿ ಉಪಯೋಗಕ್ಕೆ ಬಂತು. ಇಸ್ರೇಲಿಗಳನ್ನೂ ಪ್ಯಾಲೆಸ್ಟೀನಿಗಳನ್ನೂ ಜೋಡಿ ಮಾಡಿ, ಒಬ್ಬರು ತಮ್ಮ ಕಷ್ಟ ಹೇಳುವುದು, ಇನ್ನೊಬ್ಬರು ಕೇಳಿ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು ಎಂದು ಇಟ್ಟರು. ಪ್ಯಾಲೆಸ್ಟೀನಿಗಳ ಮನಸ್ಸು ಹೆಚ್ಚು ಬದಲಾದದ್ದು ತಮ್ಮ ಮಾತನ್ನು ಎದುರಿನವರು ಕೇಳಿಸಿಕೊಂಡಾಗ. ಇಸ್ರೇಲಿಗಳದು ಬದಲಾದದ್ದು ಎದುರಿನವರ ಮಾತನ್ನು ತಾವು ಕೇಳಿದಾಗ. ಬಲ ಕಡಿಮೆ ಇರುವವನಿಗೆ ಕೇಳುವ ಕಿವಿ ಬೇಕು, ಬಲ ಹೆಚ್ಚಿರುವವನಿಗೆ ಕೇಳುವ ಕೆಲಸ ಬೇಕು. 'ಇಬ್ಬರೂ ಸಮಾನವಾಗಿ ಮಾತಾಡಿ' ಎಂದು ಗಡಿಯಾರ ಹಿಡಿದು ಕೂರುವುದರಿಂದ ಇದು ಆಗುವುದಿಲ್ಲ. ಮಾತುಕತೆಯೆಂದರೆ ಅನ್ಯಾಯವನ್ನು ಮಾಮೂಲು ಮಾಡುವ ನಾಟಕ ಎಂದು ಅನೇಕ ಪ್ಯಾಲೆಸ್ಟೀನಿಗಳು ದೂರ ಉಳಿಯುತ್ತಾರಲ್ಲ, ಅವರನ್ನು ಹಟಮಾರಿಗಳು ಎಂದು ತಳ್ಳಿಹಾಕಲು ನಮಗೆ ಮನಸ್ಸಾಗದು. ಕೈಕುಲುಕಿ ಫೋಟೋ ತೆಗೆಸಿಕೊಂಡು, ಸಂಜೆ ಒಬ್ಬ ಮನೆಗೆ, ಇನ್ನೊಬ್ಬ ಚೆಕ್‌ಪೋಸ್ಟಿಗೆ ಹೋಗುವುದಾದರೆ ಆ ಫೋಟೋದಿಂದ ಯಾರಿಗೆ ಸಮಾಧಾನ?

ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎನ್ನುವುದಕ್ಕೆ ಡಾಕ್ಟರ್ ಇಜ್ಜೆಲ್ದೀನ್ ಅಬು ಅಲ್-ಐಶ್ ಅವರಿಗೆ ಆದದ್ದನ್ನು ನೋಡಬೇಕು. ಗಾಜಾದ ಜಬಾಲಿಯಾದವರು, ಹೀಬ್ರೂ ಚೆನ್ನಾಗಿ ಬಲ್ಲವರು, ಇಸ್ರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಹೆರಿಗೆ ತಜ್ಞರು. 2009ರ ಯುದ್ಧದ ದಿನಗಳಲ್ಲಿ ಇಸ್ರೇಲಿನ ಟಿವಿ ವರದಿಗಾರ ಶ್ಲೋಮಿ ಎಲ್ದಾರ್‌ಗೆ ಫೋನಿನಲ್ಲಿ ಗಾಜಾದ ಪರಿಸ್ಥಿತಿ ಹೇಳುತ್ತಿದ್ದರು. ಜನವರಿ 16ರಂದು ಟ್ಯಾಂಕಿನ ಶೆಲ್ಲುಗಳು ಅವರ ಮನೆಗೇ ಬಿದ್ದವು. ಬೀಸಾನ್, ಮಯಾರ್, ಆಯಾ ಎಂಬ ಮೂವರು ಹೆಣ್ಣುಮಕ್ಕಳು, ತಮ್ಮನ ಮಗಳು ನೂರ್, ನಾಲ್ವರೂ ಹೋದರು. ಡಾಕ್ಟರು ಎಲ್ದಾರ್‌ಗೆ ಫೋನ್ ಮಾಡಿದರು, ಆತ ನೇರ ಪ್ರಸಾರದಲ್ಲಿದ್ದರು. ಫೋನನ್ನು ಮೈಕಿಗೆ ಹಿಡಿದರು. ಒಬ್ಬ ಅಪ್ಪನ ಗೋಳು ಇಸ್ರೇಲಿನ ಮನೆಮನೆಯಲ್ಲಿ ಅವರದೇ ಭಾಷೆಯಲ್ಲಿ ಕೇಳಿಸಿತು. ಎಲ್ದಾರ್ ಸ್ಟುಡಿಯೋದಿಂದಲೇ ಎದ್ದು ಹೋಗಿ ಗಾಯಾಳುಗಳಿಗೆ ಆಂಬುಲೆನ್ಸ್ ದಾರಿ ಬಿಡಿಸುವ ಕೆಲಸಕ್ಕೆ ನಿಂತರು.

ಮರುದಿನ ಅದೇ ಇಸ್ರೇಲಿ ಆಸ್ಪತ್ರೆಯಲ್ಲಿ ಡಾಕ್ಟರು ಪತ್ರಕರ್ತರ ಎದುರು ಮಾತಾಡುತ್ತಿದ್ದಾಗ ಸೈನಿಕರ ತಾಯಿಯೊಬ್ಬಳು ನಡುವೆ ನುಗ್ಗಿ, ಇವನ ಮನೆಯಲ್ಲಿ ಏನಿತ್ತು ಎಂದು ಯಾರಿಗೆ ಗೊತ್ತು, ಸುಮ್ಮನೆ ನಮ್ಮ ಹುಡುಗರು ಹೊಡೆಯುತ್ತಾರೆಯೇ ಎಂಬ ಅರ್ಥದಲ್ಲಿ ಕೂಗಾಡಿದಳು. ನಾವು ಮೊದಲು ಅವಳನ್ನು ಮನಸ್ಸಿನಲ್ಲೇ ಬೈದೆವು. ಆಮೇಲೆ ಅನಿಸಿತು, ಈ ಅಪ್ಪನ ಮಾತು ನಿಜವೆಂದು ಒಪ್ಪಿದರೆ ಆ ತಾಯಿಗೆ ತನ್ನ ಮಗ ಏನು ಮಾಡುತ್ತಿದ್ದಾನೆ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕಿಂತ ಕೂಗುವುದು ಸುಲಭ. ಬಾರ್-ಆನ್ ಹೇಳಿದ ಗೋಡೆ ಅದೇ. ಡಾಕ್ಟರು ದ್ವೇಷಿಸುವುದಿಲ್ಲ ಎಂದು ಪುಸ್ತಕ ಬರೆದರು, ಕೆನಡಾಕ್ಕೆ ಹೋದರು, ಮಕ್ಕಳ ನೆನಪಿನಲ್ಲಿ ಹೆಣ್ಣುಮಕ್ಕಳ ಓದಿಗೆ ಪ್ರತಿಷ್ಠಾನ ಮಾಡಿದರು. ಜತೆಗೆ, ತಪ್ಪಾಯಿತು ಎನ್ನಿ ಎಂದು ಇಸ್ರೇಲಿನ ಕೋರ್ಟುಗಳನ್ನೂ ಹತ್ತಿದರು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಮನವಿಯನ್ನು ತಳ್ಳಿಹಾಕಿತು.

ಅಕ್ಟೋಬರ್ 7ರಂದು ಸುಮಾರು 1,200 ಜನ ಸತ್ತರು, ಸುಮಾರು 250 ಮಂದಿ ಒತ್ತೆಯಾಳಾದರು. ಅಲ್ಲಿಂದ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಈ ಬಳಗಗಳ ಕಥೆಯೂ ಅಲ್ಲಿಗೆ ಮುಗಿಯಿತು ಎಂದು ನಾವು ಎಣಿಸಿದ್ದೆವು. 'ವಿಮೆನ್ ವೇಜ್ ಪೀಸ್' ಕಟ್ಟಿದವರಲ್ಲಿ ಒಬ್ಬರಾದ ವಿವಿಯನ್ ಸಿಲ್ವರ್, ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದವರು. ಅಕ್ಟೋಬರ್ 4ರಂದು ಪ್ಯಾಲೆಸ್ಟೀನಿ ಮಹಿಳೆಯರ ಜತೆ ಶಾಂತಿಗಾಗಿ ನಡೆದರು, ಮೂರು ದಿನದ ಮೇಲೆ ಬೇರಿ ಕಿಬ್ಬುತ್ಸ್‌ನ ತಮ್ಮ ಮನೆಯಲ್ಲಿ ಕೊಲೆಯಾದರು. ಒತ್ತೆಯಾಳಾಗಿದ್ದಾರೆಂದು ಮಕ್ಕಳು ಐದು ವಾರ ಕಾದಿದ್ದರು. ಮಾವೋಜ್ ಇನೋನ್ ಅವರ ತಂದೆತಾಯಿ ಅದೇ ದಿನ ಹತರಾದರು. ಅಜೀಜ್ ಅಬು ಸಾರಾ ಎಂಬ ಪ್ಯಾಲೆಸ್ಟೀನಿಯ ಅಣ್ಣ ಇಸ್ರೇಲಿನ ಜೈಲಿನಲ್ಲಿ ಪೆಟ್ಟು ತಿಂದು, ಹೊರಬಂದ ಮೇಲೆ ಸತ್ತವನು. ಆ ಅಜೀಜ್ ಮಾವೋಜ್‌ಗೆ ಸಂತಾಪ ಹೇಳಿದರು. ಈಗ ಇಬ್ಬರೂ ಒಂದೇ ವೇದಿಕೆಯಲ್ಲಿ ಮಾತಾಡುತ್ತಾರೆ. 2024ರ ಮೇ ತಿಂಗಳಲ್ಲಿ ಇಟಲಿಯ ವೆರೋನಾದಲ್ಲಿ ಪೋಪ್ ಫ್ರಾನ್ಸಿಸ್ ಅವರಿಬ್ಬರನ್ನೂ ಅಪ್ಪಿಕೊಂಡರು. ಮಾವೋಜ್‌ಗೆ ಬೇಕಾದದ್ದು ಆ ಅಪ್ಪುಗೆ ಮಾತ್ರವಲ್ಲ, ಯುದ್ಧ ನಿಲ್ಲಬೇಕು ಎಂದೂ ಅವರು ಮೊದಲ ದಿನಗಳಿಂದ ಹೇಳುತ್ತ ಬಂದಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಕಾಫಿಯ ನೆನಪು ಮತ್ತೆ ಚುಚ್ಚಿತು. ಆ ದಿನ ಅಕ್ಕ ಆ ಅಜ್ಜಿಯ ಅಳುವನ್ನು ಪೂರ್ತಿ ಹೇಳಿರಲಿಲ್ಲ, ನಮಗೆ ಅದು ತಿಳಿದದ್ದು ತಿಂಗಳುಗಳ ನಂತರ. ಒಂದು ಟಿಕ್ಕಿನ ಕಥೆಯನ್ನೂ ಎಂಜಿನಿಯರ್ ಅಂದು ಹೇಳಲಿಲ್ಲ. ಹೇಳುವ ಮೊದಲೇ ಇಬ್ಬರೂ ವಕೀಲರಾಗಿದ್ದರು, ನಾವು ಜಗಳ ಬೇಡ ಎಂದು ಬಾಗಿಲು ಹಾಕಿದೆವು. ಕುವೈತಿನಲ್ಲಿ ಇದ್ದುಬಂದ ಹಿರಿಯ ಸದಸ್ಯರೊಬ್ಬರು ಈ ಲೇಖನದ ಕರಡು ಓದಿ, 1990ಕ್ಕೆ ಮುಂಚೆ ತಮ್ಮ ಕಟ್ಟಡದ ತುಂಬ ಪ್ಯಾಲೆಸ್ಟೀನಿ ಸಂಸಾರಗಳಿದ್ದವು, ಯುದ್ಧ ಮುಗಿದು ತಾವು ಮರಳಿದಾಗ ಯಾರೂ ಇರಲಿಲ್ಲ ಎಂದರು. ಮೂವತ್ತು ವರ್ಷಗಳಲ್ಲಿ ಈ ಸಂಗತಿಯನ್ನು ಅವರು ನಮ್ಮ ಮುಂದೆ ಎತ್ತಿದ್ದು ಇದೇ ಮೊದಲು. ಯಾರೂ ಕೇಳಿರಲಿಲ್ಲವಲ್ಲ, ಎಂದರು.

ಕಳೆದ ತಿಂಗಳು ಸಭಾಂಗಣದಲ್ಲಿ ಕುರ್ಚಿ ಜೋಡಿಸುವಾಗ ಅಕ್ಕ ಎಂಜಿನಿಯರ್ ಬಳಿ ಹೋದದ್ದನ್ನು ನಾವು ದೂರದಿಂದ ನೋಡಿದೆವು. "ನಿಮ್ಮ ಆಫೀಸಿನವರ ಅಮ್ಮ ಹೇಗಿದ್ದಾರೆ ಸರ್?" ಎಂದು ಕೇಳಿದರು. ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. "ಅಮ್ಮ ಡೇರೆಯಲ್ಲಿ ಇದ್ದಾರಂತೆ ಅಕ್ಕಾ. ಒಬ್ಬ ಅಕ್ಕ ಇಲ್ಲ" ಎಂದರು. ಆಮೇಲೆ ತುಸು ತಡೆದು, "ನಿಮ್ಮ ತಂಗಿ ನೋಡ್ಕೊಳ್ತಿದ್ದ ಅಜ್ಜಿ?" ಎಂದರು. ಅಕ್ಕ ಉತ್ತರ ಶುರು ಮಾಡುವಷ್ಟರಲ್ಲಿ ವೇದಿಕೆಯ ಮೇಲೆ ಮೈಕ್ ಟೆಸ್ಟಿಂಗ್ ಆರಂಭವಾಯಿತು, ಮುಂದಿನದು ನಮಗೆ ಕೇಳಿಸಲಿಲ್ಲ. ಇಬ್ಬರೂ ಮಾತಾಡುತ್ತಲೇ ಹೊರಗೆ ನಡೆದರು. ಉಳಿದ ಕುರ್ಚಿಗಳನ್ನು ನಾವೇ ಹಾಕಿದೆವು.